ಚಿತ್ರದುರ್ಗದಿಂದ ಗಂಡಿಕೋಟೆಗೆ ಬೈಕಿನಲ್ಲಿ: ಬಿಸಿಲ ಸೀಮೆಯ ಕಮರಿಗೆ ಮೂರು ದಿನದ ಪ್ರಯಾಣ

ಚಿತ್ರದುರ್ಗದವರಿಗೆ ಕಲ್ಲೂ ಹೊಸದಲ್ಲ, ಬಿಸಿಲೂ ಹೊಸದಲ್ಲ. ಏಳುಸುತ್ತಿನ ಕೋಟೆಯ ಬಂಡೆಗಳ ನಡುವೆ ಆಡಿ ಬೆಳೆದವರು ಗಂಡಿಕೋಟೆಯ ಹೆಸರು ಕೇಳಿದಾಗ ಅದೂ ಇನ್ನೊಂದು ಕೋಟೆಯಿರಬೇಕು ಎಂದುಕೊಳ್ಳುವುದು ಸಹಜ. ಆದರೆ ಆಂಧ್ರದ ಕಡಪ ಜಿಲ್ಲೆಯ ಆ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ತಿಳಿಯುವುದೇ ಬೇರೆ. ನಮ್ಮಲ್ಲಿ ಗ್ರಾನೈಟ್ ಗುಂಡುಗಳು ನೆಲದಿಂದ ಮೇಲೆದ್ದು ಒಂದರ ಮೇಲೊಂದು ಕೂತಿವೆ. ಅಲ್ಲಿ ನೆಲವೇ ಸೀಳಿ ಕೆಳಗಿಳಿದಿದೆ, ಸೀಳಿನ ಎರಡೂ ಗೋಡೆಗಳಲ್ಲಿ ಕೆಂಗಲ್ಲು ರೊಟ್ಟಿ ಪೇರಿಸಿಟ್ಟಂತೆ ಪದರ ಪದರವಾಗಿ ಕಾಣುತ್ತದೆ. ಎರ್ರಮಲ ಬೆಟ್ಟಸಾಲನ್ನು ಸುಮಾರು 300 ಅಡಿ ಆಳಕ್ಕೆ ಹೀಗೆ ಕೊರೆದದ್ದು ಪೆನ್ನಾ ನದಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರಿನ ಕಡೆಯಿಂದ ಗಡಿ ದಾಟುವ ನಮ್ಮ ಉತ್ತರ ಪಿನಾಕಿನಿಯೇ ಅಲ್ಲಿ ಪೆನ್ನಾ ಎನಿಸಿಕೊಳ್ಳುತ್ತದೆ. ಕೆರೆಯ ಏರಿ ಒಡೆದ ಜಾಗಕ್ಕೆ ನಾವು ಗಂಡಿ ಎನ್ನುತ್ತೇವಲ್ಲ, ಆ ಊರಿನ ಹೆಸರಿನಲ್ಲಿರುವುದೂ ಅದೇ ಮಾತು.

ದೂರ ಹೆಚ್ಚಲ್ಲ. ಚಳ್ಳಕೆರೆ, ಕಲ್ಯಾಣದುರ್ಗ, ಅನಂತಪುರ, ತಾಡಿಪತ್ರಿ, ಜಮ್ಮಲಮಡುಗು ಮಾರ್ಗವಾಗಿ ಹೋದರೆ ಚಿತ್ರದುರ್ಗದಿಂದ ಹೆಚ್ಚುಕಡಿಮೆ 300 ಕಿ.ಮೀ.; ದಾವಣಗೆರೆಯವರು ಅದಕ್ಕೆ 60 ಕಿ.ಮೀ. ಸೇರಿಸಿಕೊಳ್ಳಬೇಕು. ದೂರ ಇಷ್ಟೇ ಇರುವುದರಿಂದ ಅನೇಕರು ಬೆಳಿಗ್ಗೆ ನಿಧಾನವಾಗಿ ಎದ್ದು, ತಿಂಡಿ ಮುಗಿಸಿ ಎಂಟೂವರೆಗೆ ಹೊರಟು, ಮಧ್ಯಾಹ್ನದ ಎರಡು ಗಂಟೆಯ ಸುಡುಬಿಸಿಲಿನಲ್ಲಿ ಕಮರಿಯ ಅಂಚಿಗೆ ಹೋಗಿ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಕಲ್ಲಿನ ಬಣ್ಣವೆಲ್ಲ ಬಿಳಿಚಿಕೊಂಡು ಕಣ್ಣು ಬಿಡಲಾಗುವುದಿಲ್ಲ, ಬಂಡೆಯ ಕಾವು ಬೂಟಿನ ಅಡಿಗೆ ತಟ್ಟುತ್ತದೆ, ದೇಹವೂ ದಣಿದಿರುತ್ತದೆ. ಈ ಪ್ರಯಾಣವನ್ನು ಕಿಲೋಮೀಟರಿನ ಲೆಕ್ಕದಲ್ಲಲ್ಲ, ಹೊತ್ತಿನ ಲೆಕ್ಕದಲ್ಲಿ ಯೋಜಿಸಬೇಕೆಂಬುದೇ ನಾನು ಇಲ್ಲಿ ಹೇಳಲು ಹೊರಟಿರುವ ಮುಖ್ಯ ಸಂಗತಿ. ಬೆಳಕು ಹರಿಯುವ ಮುನ್ನ ಹೊರಡುವುದು, ಹನ್ನೆರಡರಿಂದ ಮೂರೂವರೆಯವರೆಗೆ ನೆರಳಿನಲ್ಲಿರುವುದು, ಕಮರಿಯನ್ನು ಸಂಜೆ ಮತ್ತು ಮುಂಜಾನೆಯಷ್ಟೇ ನೋಡುವುದು: ಉಳಿದದ್ದೆಲ್ಲ ಇದರ ಸುತ್ತ ಹೊಂದಿಕೊಳ್ಳುತ್ತದೆ.

ಕಾಲವನ್ನು ಆರಿಸುವಾಗ ನಮ್ಮ ಮಳೆಗಾಲದ ಲೆಕ್ಕ ಅಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಕಡಪ ಸೀಮೆಗೆ ಹಿಂಗಾರು ಜೋರಾಗಿ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಒಣಗಿದ ಹಳ್ಳಗಳು ಒಂದೇ ರಾತ್ರಿಯಲ್ಲಿ ತುಂಬಿ ಹರಿಯುತ್ತವೆ. 2021ರ ನವೆಂಬರಿನಲ್ಲಿ ಇಂಥದೇ ಮಳೆಗೆ ಅದೇ ಸೀಮೆಯ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟು ಕೊಚ್ಚಿಹೋಗಿ ಹಲವರು ಪ್ರಾಣ ಕಳೆದುಕೊಂಡರು. ಆದ್ದರಿಂದ ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗಿನ ಎರಡು ತಿಂಗಳೇ ಸರಿಯಾದ ಕಾಲ. ಮಾರ್ಚ್ ಕಳೆದ ಮೇಲೆ ಹೋಗಬೇಡಿ; ಏಪ್ರಿಲ್, ಮೇ ತಿಂಗಳಿನಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ.

ಬೈಕು ಯಾವುದಾದರೂ ಆದೀತು. 100 ಸಿ.ಸಿ. ಗಾಡಿಯಲ್ಲಿಯೂ ಈ ದಾರಿಯನ್ನು ಸುಖವಾಗಿ ಮುಗಿಸಬಹುದು, ಏಕೆಂದರೆ ಇಲ್ಲಿ ಘಾಟಿಯಿಲ್ಲ, ವೇಗದ ಅಗತ್ಯವೂ ಇಲ್ಲ. ಗಮನ ಕೊಡಬೇಕಾದದ್ದು ಟೈರಿಗೆ. ಅದರ ಪಕ್ಕೆಯ ಮೇಲೆ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ; 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಹೊರಮೈಯ ಬಟನ್ ಸವೆಯದೆ ಚೆನ್ನಾಗಿದ್ದರೂ ಐದಾರು ವರ್ಷ ಹಳೆಯದಾದ ರಬ್ಬರು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ, ಅಂಥ ಟೈರನ್ನು ಹೊರಡುವ ಮೊದಲೇ ಬದಲಿಸಿ. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ತುಂಬಿಸಬೇಕು. ಓಡಿ ಕಾದ ಟೈರಿನಲ್ಲಿ ಒತ್ತಡ ತಾನಾಗಿಯೇ ಏರಿರುತ್ತದೆ. ಅದನ್ನು ಕಂಡು ಗಾಬರಿಯಾಗಿ ಗಾಳಿ ಬಿಟ್ಟರೆ ಮರುದಿನ ಮುಂಜಾನೆ ಗಾಳಿ ಕಡಿಮೆಯಾಗಿ ಟೈರು ಇನ್ನಷ್ಟು ಕಾಯುತ್ತದೆ. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪು ಸಾಕು. ಕಡ್ಡಿ ಚಕ್ರದ ಗಾಡಿಯಾದರೆ ಹಿಂದಿನ ಚಕ್ರದ ಅಳತೆಯ ಹೊಸ ಟ್ಯೂಬೊಂದನ್ನು ಜೊತೆಗಿಟ್ಟುಕೊಳ್ಳಿ, ಏಕೆಂದರೆ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಕೆಲಸ ಬಲ್ಲ ಕೈ ಇರುತ್ತದೆ, ನಿಮ್ಮ ಅಳತೆಯ ಟ್ಯೂಬ್ ಇರುವುದಿಲ್ಲ. ಕ್ಲಚ್ ಕೇಬಲ್, ಆ್ಯಕ್ಸಿಲರೇಟರ್ ಕೇಬಲ್ ಒಂದೊಂದು, ಚೈನ್ ಸ್ಪ್ರೇ, ಒಂದು ಹಳೆಯ ಬಟ್ಟೆ. ಇದಕ್ಕಿಂತ ಹೆಚ್ಚಿನ ಸಾಮಾನು ಭಾರವಷ್ಟೇ.

ಪ್ರಯಾಣಕ್ಕೆ ಮೊದಲು, ಪರೀಕ್ಷೆಗೆಂದು, ಲಗೇಜನ್ನೆಲ್ಲ ಕಟ್ಟಿಕೊಂಡು ಒಂದು ಭಾನುವಾರ ಹಿರಿಯೂರಿನ ಮಾರಿಕಣಿವೆಗೆ ಹೋಗಿಬನ್ನಿ. ಹೆದ್ದಾರಿಯಲ್ಲಿ ನಮ್ಮ ಗುಡ್ಡಗಳ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಪಕ್ಕದಿಂದ ಬೀಸಿದಾಗ ಬ್ಯಾಗು ಹೇಗೆ ಎಳೆಯುತ್ತದೆ, ಹಗ್ಗ ಎಲ್ಲಿ ಸಡಿಲವಾಗುತ್ತದೆ, ಸೈಲೆನ್ಸರಿಗೆ ಯಾವುದು ತಾಗುತ್ತದೆ ಎಂಬುದೆಲ್ಲ ಆ ನೂರಿಪ್ಪತ್ತು ಕಿಲೋಮೀಟರಿನಲ್ಲಿ ಗೊತ್ತಾಗಿಬಿಡುತ್ತದೆ. ಅನಂತಪುರದ ಬಯಲಿನಲ್ಲಿಯೂ ಇಂಥದೇ ಗಾಳಿ ಬೀಸುತ್ತದೆ.

ಇನ್ನು ದೇಹದ ವಿಚಾರ. ಬಯಲುಸೀಮೆಯವರಾದ ನಮಗೆ ಬಿಸಿಲು ತಡೆಯುವ ಶಕ್ತಿಯಿದೆ ಎಂಬ ನಂಬಿಕೆ ಬೈಕಿನ ಮೇಲೆ ಮೋಸ ಮಾಡುತ್ತದೆ. ಹೊಲದಲ್ಲಿ ಕೆಲಸ ಮಾಡುವಾಗ ಬೆವರು ಹರಿಯುವುದು ಕಾಣುತ್ತದೆ, ಬಾಯಾರುತ್ತದೆ, ನೀರು ಕುಡಿಯುತ್ತೇವೆ. ಬೈಕಿನ ಮೇಲೆ ಒಣಗಾಳಿ ಬೆವರನ್ನು ಮೂಡಿದಂತೆಯೇ ಆರಿಸಿಬಿಡುವುದರಿಂದ ಮೈ ಒದ್ದೆಯಾಗುವುದೇ ಇಲ್ಲ; ನೀರು ಕಳೆದುಹೋಗುತ್ತಿರುವುದು ತಿಳಿಯುವ ಹೊತ್ತಿಗೆ ತಲೆ ಭಾರವಾಗಿ, ತಿರುವಿನಲ್ಲಿ ಲೆಕ್ಕಾಚಾರ ತಪ್ಪಲು ಶುರುವಾಗಿರುತ್ತದೆ. ಅದಕ್ಕಾಗಿ 60 ಕಿ.ಮೀ.ಗೆ ಒಮ್ಮೆ ಗಾಡಿ ನಿಲ್ಲಿಸಿ, ಬಾಯಾರಿರಲಿ ಬಿಡಲಿ, ಒಂದು ಲೋಟ ನೀರು ಕುಡಿಯಲೇಬೇಕು. ದಿನಕ್ಕೆ ಎರಡು ಬಾರಿಯಾದರೂ ಓ.ಆರ್.ಎಸ್. ಇಲ್ಲವೇ ಉಪ್ಪು ಹಾಕಿದ ನೀರುಮಜ್ಜಿಗೆ ಸೇರಲಿ. ಮೂತ್ರದ ಬಣ್ಣ ಗಾಢವಾಗಿದ್ದರೆ ಕುಡಿದದ್ದು ಸಾಲದು ಎಂದೇ ಅರ್ಥ.

ಬಿಸಿಲೇರಿದಾಗ ಜಾಕೆಟ್ ಬಿಚ್ಚುವುದು ಎಲ್ಲರೂ ಮಾಡುವ ತಪ್ಪು. ಗಾಳಿಯ ಬಿಸಿ ಮೈಯ ಬಿಸಿಗಿಂತ ಹೆಚ್ಚಾದ ಮೇಲೆ ಬೀಸುವ ಗಾಳಿ ತಂಪು ಮಾಡುವುದಿಲ್ಲ, ಇನ್ನಷ್ಟು ಕಾಯಿಸುತ್ತದೆ. ಆಗ ಒಳಗಿನ ಹತ್ತಿಯ ಬನಿಯನ್ನನ್ನು ನೀರಿನಲ್ಲಿ ಅದ್ದಿ ಹಿಂಡಿ ತೊಟ್ಟು, ಕತ್ತಿಗೆ ಒದ್ದೆ ಟವೆಲ್ ಸುತ್ತಿ, ಮೇಲೆ ಜಾಕೆಟ್ ಹಾಕಿಕೊಂಡರೆ ಒಳಗಿನ ತೇವ ಮೆಲ್ಲಗೆ ಆರುತ್ತಾ ಮುಕ್ಕಾಲು ಗಂಟೆಯಾದರೂ ಮೈಯನ್ನು ತಣ್ಣಗಿಡುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದೂ ಹೀಗೆಯೇ. ಐ.ಎಸ್.ಐ. ಗುರುತಿನ ಹೆಲ್ಮೆಟ್ ಸವಾರನಿಗೂ ಬೇಕು, ಹಿಂದೆ ಕೂತವರಿಗೂ ಬೇಕು.

ಮೊದಲ ದಿನ ಐದು ಗಂಟೆಗೆ ಚಿತ್ರದುರ್ಗ ಬಿಡಿ. ಚಳ್ಳಕೆರೆಯಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ, ಗಡಿಯಾಚೆ ದರ ನಮಗಿಂತ ಹೆಚ್ಚು. ಅಲ್ಲಿಂದ ಕಲ್ಯಾಣದುರ್ಗದವರೆಗಿನ ದಾರಿಯೇ ಇಡೀ ಪ್ರಯಾಣದಲ್ಲಿ ಅತಿ ಹೆಚ್ಚು ಎಚ್ಚರ ಬೇಡುವ ಭಾಗ. ಸುಗ್ಗಿಯ ದಿನಗಳಲ್ಲಿ ರೈತರು ಹುರುಳಿ, ರಾಗಿ, ಸಜ್ಜೆಯನ್ನು ರಸ್ತೆಯ ಮೇಲೆ ಹರಡಿ ಓಡಾಡುವ ವಾಹನಗಳ ಕೆಳಗೆ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಅಪಾಯ ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಜನವರಿಯಲ್ಲಿ ನಾನು ಹುರುಳಿಯ ಮೇಲೆ ಗಾಡಿ ಓಡಿಸಿ ಎರಡು ಮೂರು ಕಿಲೋಮೀಟರ್ ಮುಂದೆ ಹೋದ ಮೇಲೆ ಸುಟ್ಟ ವಾಸನೆ ಬರತೊಡಗಿತು. ನಿಲ್ಲಿಸಿ ಬಗ್ಗಿ ನೋಡಿದರೆ ಹುರುಳಿಯ ಬಳ್ಳಿ ಹಗ್ಗ ಹೊಸೆದಂತೆ ಹಿಂದಿನ ಸ್ಪ್ರಾಕೆಟಿಗೆ, ಅಂದರೆ ಚೈನು ಕೂರುವ ಹಲ್ಲಿನ ಚಕ್ರಕ್ಕೆ, ಬಿಗಿಯಾಗಿ ಸುತ್ತಿಕೊಂಡಿತ್ತು, ಅದರ ಇನ್ನೊಂದು ತುದಿ ಸೈಲೆನ್ಸರಿಗೆ ತಾಗಿ ಕಪ್ಪಾಗಿ ಹೊಗೆಯಾಡುತ್ತಿತ್ತು. ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ತಮ್ಮ ಕುಡುಗೋಲು ಕೊಟ್ಟು, "ಬಳ್ಳಿ ಎಳೀಬ್ಯಾಡಪ್ಪ, ಕೊಯ್ದು ತಗಿ. ಎಳುದ್ರೆ ಇನ್ನೂ ಬಿಗಿತೈತೆ" ಎಂದರು. ಅವರು ಹೇಳಿದಂತೆ ಮೂರು ಕಡೆ ಕೊಯ್ದಾಗ ಸಿಂಬಿ ತಾನಾಗಿ ಬಿಟ್ಟುಕೊಂಡಿತು. ಅಂದಿನಿಂದ ನನ್ನ ಟೂಲ್ ಕಿಟ್ಟಿನಲ್ಲಿ ಸಣ್ಣ ಚಾಕು ಇದ್ದೇ ಇರುತ್ತದೆ. ಒಕ್ಕಣೆ ಕಂಡರೆ ಸಾಧ್ಯವಾದಷ್ಟು ಪಕ್ಕದಿಂದ ಹೋಗಿ. ದಾರಿಯೇ ಇಲ್ಲದಿದ್ದರೆ ಎರಡನೇ ಗೇರಿನಲ್ಲಿ ನೆಟ್ಟಗೆ, ಬ್ರೇಕ್ ಮುಟ್ಟದೆ ದಾಟಿ, ಆಮೇಲೆ ಒಮ್ಮೆ ನಿಂತು ಹಿಂದಿನ ಚಕ್ರವನ್ನು ನೋಡಿಯೇ ಮುಂದುವರಿಯಿರಿ. ಕುರಿಮಂದೆ ಎದುರಾದರೆ ಹಾರ್ನ್ ಹೊಡೆಯಬೇಡಿ, ಎಂಜಿನ್ ನಿಲ್ಲಿಸಿ ಅವು ಹಾದುಹೋಗಲು ಬಿಡಿ.

ಅನಂತಪುರದ ಆಸುಪಾಸಿನಲ್ಲಿ ತಿಂಡಿಗೆ ಉಗ್ಗಾಣಿ ಬಜ್ಜಿ ಕೇಳಿ. ತಟ್ಟೆ ಮುಂದೆ ಬಂದಾಗ ದಾವಣಗೆರೆಯವರಿಗೆ ನೆಂಟರ ಮನೆಗೆ ಬಂದಂತಾಗುತ್ತದೆ, ಏಕೆಂದರೆ ಅದು ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿಯೇ. ಖಾರ ಮಾತ್ರ ನಮ್ಮದಕ್ಕಿಂತ ಒಂದು ಕೈ ಮೇಲು. ಮುಂದೆ ಬಿಸಿಲಿನಲ್ಲಿ ಸವಾರಿಯಿರುವುದರಿಂದ ಬಜ್ಜಿ ಒಂದಕ್ಕೇ ಸಾಕು ಮಾಡಿ.

ಹನ್ನೊಂದರ ಹೊತ್ತಿಗೆ ತಾಡಿಪತ್ರಿ ಸಿಗುತ್ತದೆ. ನಮ್ಮ ಅಡುಗೆಮನೆಗಳ ಕಟ್ಟೆಗೆ ಹಾಸುವ ಕಡಪ ಕಲ್ಲು ಪಾಲಿಶ್ ಆಗಿ ಬರುವುದು ಈ ಸೀಮೆಯಿಂದಲೇ. ಕಲ್ಲಿನ ಲಾರಿ, ಸಿಮೆಂಟ್ ಲಾರಿಗಳ ಓಡಾಟದಿಂದ ರಸ್ತೆಯ ಅಂಚಿನಲ್ಲಿ ಹಿಟ್ಟಿನಂಥ ಬಿಳಿ ಧೂಳು ಕೂತಿರುತ್ತದೆ. ಅದರ ಮೇಲೆ ನೀರು ಬಿದ್ದಿದ್ದರೆ ಎಣ್ಣೆ ಚೆಲ್ಲಿದಂತೆ ಜಾರುತ್ತದೆ. ಮಧ್ಯಾಹ್ನವನ್ನು ಈ ಊರಿನಲ್ಲಿಯೇ ಕಳೆಯಿರಿ. ಪೆನ್ನಾ ದಂಡೆಯ ಬುಗ್ಗ ರಾಮಲಿಂಗೇಶ್ವರ ಮತ್ತು ಊರೊಳಗಿನ ಚಿಂತಲ ವೆಂಕಟರಮಣ ದೇವಾಲಯಗಳೆರಡೂ ವಿಜಯನಗರ ಕಾಲದವು. ಹಂಪಿಯನ್ನು ಚೆನ್ನಾಗಿ ಬಲ್ಲವರು ಕೂಡ ಬುಗ್ಗ ರಾಮಲಿಂಗೇಶ್ವರದ ಗೋಪುರದ ಬುಡದ ಕೆತ್ತನೆಯ ಮುಂದೆ ನಿಂತುಬಿಡುತ್ತಾರೆ. ನಡು ಮಧ್ಯಾಹ್ನ ಗುಡಿಯ ಬಾಗಿಲು ಹಾಕುವುದರಿಂದ ಮೊದಲು ದರ್ಶನ ಮುಗಿಸಿ, ಊಟ ಮಾಡಿ, ಒಂದು ಗಂಟೆ ಮಲಗಿ. ಮೂರೂವರೆಗೆ ಹೊರಟರೆ ಉಳಿದ 80 ಕಿ.ಮೀ. ದಾಟಿ ಸೂರ್ಯ ಇಳಿಯುವ ಮುನ್ನ ಗಂಡಿಕೋಟೆ ಸೇರಬಹುದು. ಡಿಸೆಂಬರಿನಲ್ಲಿ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆಂಬುದು ನೆನಪಿರಲಿ.

ಕೋಟೆಯನ್ನು 12ನೆಯ ಶತಮಾನದ ಆರಂಭದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತನೊಬ್ಬ ಕಟ್ಟಿಸಿದನೆಂದು ಹೇಳುತ್ತಾರೆ. ಮುಂದೆ ವಿಜಯನಗರದ ಅಧೀನದಲ್ಲಿ ಪೆಮ್ಮಸಾನಿ ನಾಯಕರು ಬಹುಕಾಲ ಆಳಿದರು. ಒಳಗೆ ಮಾಧವರಾಯ ಮತ್ತು ರಂಗನಾಥಸ್ವಾಮಿ ದೇವಾಲಯಗಳು, ಜಾಮಿಯಾ ಮಸೀದಿ, ದೊಡ್ಡ ಕಣಜ, ಇವುಗಳ ಜೊತೆಗೆ ಇಂದಿಗೂ ಜನ ವಾಸಿಸುವ ಹಳ್ಳಿಯಿದೆ. ಆಂಧ್ರ ಪ್ರವಾಸೋದ್ಯಮದ ಹರಿತಾ ಹೋಟೆಲ್ಲಿನಲ್ಲಿ ಕೊಠಡಿಯನ್ನು ಮುಂಚೆಯೇ ಕಾಯ್ದಿರಿಸಿ. ವಾರಾಂತ್ಯವನ್ನು ತಪ್ಪಿಸಿ ಬಂದರೆ ಅಂಚಿನಲ್ಲಿ ಮೌನವೂ ಸಿಗುತ್ತದೆ. ಕಮರಿಯ ಬಂಡೆಗಳಿಗೆ ಎಲ್ಲ ಕಡೆಯೂ ಕಟಾಂಜನವಿಲ್ಲ. ಸವಾರಿಯ ಬೂಟಿನ ಗಟ್ಟಿ ಅಟ್ಟೆ ನುಣುಪು ಕಲ್ಲಿನ ಮೇಲೆ ಹಿಡಿತ ಕೊಡುವುದಿಲ್ಲ, ರಬ್ಬರ್ ಅಟ್ಟೆಯ ಶೂ ಹಾಕಿಕೊಂಡು ಹೋಗಿ. ಸಂಜೆ ಗಾಳಿ ಏಕಾಏಕಿ ಬೀಸುತ್ತದೆ, ಆದ್ದರಿಂದ ಕೊನೆಯ ಬಂಡೆಗೆ ಹೋಗದೆ ಅದರ ಹಿಂದಿನದರ ಮೇಲೆ ಕೂತು ನೋಡಿ. ಕತ್ತಲಾದ ಮೇಲೆ ವಾಪಸು ಬರಲು ಮೊಬೈಲಿನ ಬೆಳಕು ಸಾಲದು, ಟಾರ್ಚು ಬೇಕು.

ಮರುದಿನ ಆರು ಗಂಟೆಗೆ ಅದೇ ಜಾಗದಲ್ಲಿರಬೇಕು. ಮೊದಲು ಎದುರು ಗೋಡೆಯ ಮೇಲಂಚಿಗಷ್ಟೇ ಬಿಸಿಲು ತಾಗಿ ಕಲ್ಲು ಕಾವಿಯ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಒಂದೊಂದೇ ಪದರ ಇಳಿಯುತ್ತಾ ನೀರನ್ನು ಮುಟ್ಟುವವರೆಗೆ ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ಎಲ್ಲಿಗೂ ಏಳಬೇಡಿ.

ಒಂಬತ್ತೂವರೆಗೆ ಕೋಟೆ ಬಿಟ್ಟು ಸುಮಾರು 60 ಕಿ.ಮೀ. ದೂರದ ಬೇಲಂ ಗುಹೆಗಳಿಗೆ ಹೋಗಿ, ನಡುಹಗಲನ್ನು ನೆಲದೊಳಗೆ ಕಳೆಯಿರಿ. ಬಳ್ಳಾರಿ ಸೀಮೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರೇ 1884ರಲ್ಲಿ ಈ ಗುಹೆಗಳನ್ನೂ ದಾಖಲಿಸಿದರು. ಸುಣ್ಣಕಲ್ಲಿನಲ್ಲಿ ನೀರು ಕೊರೆದ ದಾರಿಗಳ ಒಟ್ಟು ಉದ್ದ 3,229 ಮೀಟರ್, ಪಾತಾಳಗಂಗೆ ಎಂಬ ಅತಿ ಆಳದ ಜಾಗ 46 ಮೀಟರ್ ಕೆಳಗಿದೆ. ಒಳಗೆ ಬಿಸಿಲಿಲ್ಲದಿದ್ದರೂ ಹಬೆಯಲ್ಲಿ ನಿಂತಂತೆ ಸೆಕೆ. ಜಾಕೆಟ್ ಹೊರಗಿಟ್ಟು ನೀರಿನ ಬಾಟಲಿಯೊಂದಿಗೆ ಇಳಿಯಿರಿ. ಸಂಜೆ 30 ಕಿ.ಮೀ. ದೂರದ ತಾಡಿಪತ್ರಿಗೆ ಬಂದು ತಂಗಿ, ರಾತ್ರಿ ಚೈನು ಇನ್ನೂ ಬೆಚ್ಚಗಿರುವಾಗಲೇ ಒರೆಸಿ ಸ್ಪ್ರೇ ಹೊಡೆಯಿರಿ.

ಮೂರನೆಯ ದಿನ ಮತ್ತೆ ಐದಕ್ಕೇ ಹೊರಟರೆ ಹನ್ನೊಂದರೊಳಗೆ ಊರು ಸೇರುತ್ತೀರಿ. ಒಟ್ಟು 600ರಿಂದ 650 ಕಿ.ಮೀ. ಆಗಿರುತ್ತದೆ, ಲೀಟರಿಗೆ 35 ಕಿ.ಮೀ. ಕೊಡುವ ಗಾಡಿಗೆ 19 ಲೀಟರ್ ಪೆಟ್ರೋಲ್ ಸಾಕು. ಮನೆಗೆ ಬಂದ ಮೇಲೆ ಏರ್ ಫಿಲ್ಟರ್ ತೆಗೆದು ನೋಡಿ. ತಾಡಿಪತ್ರಿಯ ಆ ಬಿಳಿ ಧೂಳು ಅದರ ಮಡಿಕೆಗಳಲ್ಲಿ ತುಂಬಿಕೊಂಡಿರುತ್ತದೆ. ಹಾಳೆಯ ಫಿಲ್ಟರ್ ಆದರೆ ನೀರಿನಿಂದ ತೊಳೆಯದೆ ಬದಲಿಸಿಬಿಡಿ, ಸ್ಪಂಜಿನದಾದರೆ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ ಸವರಿ ಹಾಕಿ.