ಗುಳೆ ಬಂದವರ ಸಂಸ್ಥೆಗೆ ಕೈಜೋಡಿಸುವುದು ಹೇಗೆ

ಮೊದಲ ಸಲ ಹೋದಾಗ ನಾನು 11 ಹಳೇ ಸೀರೆ ಗಂಟು ಕಟ್ಟಿಕೊಂಡು ಹೋಗಿದ್ದೆ. ಬ್ಯಾಂಕಿನ ಕೆಲಸಕ್ಕೆ ಉಡುತ್ತಿದ್ದ ಪಾಲಿಯೆಸ್ಟರ್ ಸೀರೆಗಳು. ಬೆಂಗಳೂರಿನ ವರ್ತೂರು ಕಡೆಯ ಒಂದು ಶೆಡ್ ಕಾಲೊನಿ ಅದು. ನೀಲಿ ತಗಡಿನ ಸಾಲು. ಸುರಪುರ, ಶಹಾಪುರ, ದೇವದುರ್ಗದ ಕಡೆಯಿಂದ ಗುಳೆ ಬಂದ ಗಾರೆ ಕೆಲಸದವರು ಅಲ್ಲಿದ್ದರು. ಒಬ್ಬ ಹೆಂಗಸು ಸೀರೆ ಬಿಡಿಸಿ ನೋಡಿ ನಕ್ಕಳು. "ಯಕ್ಕಾ, ಇದನ್ನ ಉಟ್ಕೊಂಡು ಸಿಮೆಂಟ್ ಬುಟ್ಟಿ ಹೊರಾಕ ಆಗ್ತದೇನ್ರಿ? ಜಾರ್ತದ." ಮುಂದಿನ ವಾರ ಹೋದಾಗ ನನ್ನ ಎರಡು ಸೀರೆ ಬಚ್ಚಲಿಗೆ ಪರದೆಯಾಗಿದ್ದವು. ಅದಾದರೂ ಆಯಿತಲ್ಲ ಅಂದುಕೊಂಡೆ.

ನಿವೃತ್ತಿಯಾದ ಮೇಲೆ ನಾಲ್ಕು ವರ್ಷದಿಂದ ಅಲ್ಲಿ ಕೆಲಸ ಮಾಡುವ ಪುಟ್ಟ ಸಂಸ್ಥೆಯ ಜೊತೆ ಇದ್ದೇನೆ. ನಿಮ್ಮ ಬಡಾವಣೆಯ ಹತ್ತಿರವೂ ಇಂಥದ್ದೊಂದು ಇರಬಹುದು. ಹೋಗಬೇಕು ಅನ್ನಿಸಿದರೆ ಮೊದಲು ಬರಿಗೈಲಿ ಹೋಗಿ. "ಈ ತಿಂಗಳು ನಿಮಗೆ ಏನು ಕಷ್ಟ?" ಎಂದು ಸಂಸ್ಥೆಯ ಸಿಬ್ಬಂದಿಯನ್ನೇ ಕೇಳಿ. ಉತ್ತರ ತುಂಬಾ ಸಪ್ಪೆಯಾಗಿರುತ್ತದೆ. ಆಟೋ ಖರ್ಚು, ಜೆರಾಕ್ಸ್, ಕೋಣೆಯ ಬಾಡಿಗೆ, ಕ್ಯೂನಲ್ಲಿ ನಿಲ್ಲಲು ಒಬ್ಬರು. ನೋಟ್‌ಬುಕ್ ಹಂಚುವುದಕ್ಕೆ ಜನ ಜಾಸ್ತಿ ಸಿಗುತ್ತಾರೆ, ಫೋಟೋನೂ ಚೆನ್ನಾಗಿ ಬರುತ್ತದೆ. ಬಾಡಿಗೆ ಕಟ್ಟಲು ಯಾರೂ ಬರುವುದಿಲ್ಲ.

ದುಡ್ಡು ಕೊಡುವುದಾದರೆ ಒಮ್ಮೆ ದೊಡ್ಡ ಮೊತ್ತಕ್ಕಿಂತ ತಿಂಗಳಿಗೆ 500 ರೂಪಾಯಿ ಒಳ್ಳೆಯದು. ಬರುವ ತಿಂಗಳು ಏನಿದೆ ಎಂದು ಅವರಿಗೆ ಗೊತ್ತಿರುತ್ತದೆ. "ಇದಕ್ಕೇ ಖರ್ಚು ಮಾಡಿ" ಎಂಬ ಷರತ್ತು ಬೇಡ. ರಸೀದಿ ಕೇಳಿ, ಲೆಕ್ಕಪತ್ರ ತೋರಿಸಿ ಅನ್ನಿ. ಒಳ್ಳೆಯ ಸಂಸ್ಥೆ ಬೇಜಾರು ಮಾಡಿಕೊಳ್ಳುವುದಿಲ್ಲ. ತೆರಿಗೆಯಲ್ಲಿ ದಾನದ ವಿನಾಯಿತಿ ಬೇಕಿದ್ದರೆ ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡಬಾರದು. ಸಂಸ್ಥೆಯಿಂದ ದಾನದ ಪ್ರಮಾಣಪತ್ರ ಬರಬೇಕು. ಬ್ಯಾಂಕಿನವಳು, ಇಷ್ಟು ಹೇಳದೆ ಇರಲಾರೆ.

ನಿಜವಾಗಿ ಅಲ್ಲಿ ಬೇಕಾಗಿರುವುದು ನಿಮ್ಮ ಒಂದು ಬೆಳಗ್ಗೆ. ಕೂಲಿಯವರು ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ಕಚೇರಿಗೆ ಮೂರು ಸಲ ಅಲೆದರೆ ಮೂರು ದಿನದ ಊಟ ಹೋಯಿತು. ಅದಕ್ಕೇ ಅವರು ಹೋಗುವುದೇ ಇಲ್ಲ. ನಾವು ಮುಂಚೆಯೇ ಹೋಗಿ ಏನೇನು ಕಾಗದ ಬೇಕು ಎಂದು ವಿಚಾರಿಸಿ ಇಟ್ಟರೆ ಅವರು ಒಂದೇ ಸಲ ಬಂದರೆ ಸಾಕು.

ರೇಷನ್ ವಿಷಯವನ್ನೇ ನೋಡಿ. ಊರಿನ ಕಾರ್ಡಿನಲ್ಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಪಡೆಯಬಹುದು. ಬಿಹಾರ, ಒಡಿಶಾದಿಂದ ಬಂದವರಿಗೂ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಈ ಅವಕಾಶ ಇದೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಗೊತ್ತಿದ್ದರೂ ಇನ್ನೊಂದು ತೊಡಕು: ಸಿಮೆಂಟ್ ಕಲಸಿ ಕಲಸಿ ಬೆರಳಿನ ಗೆರೆಯೇ ಸವೆದಿರುತ್ತದೆ, ಮೆಷಿನ್ ಹೆಬ್ಬೆಟ್ಟು ಹಿಡಿಯುವುದಿಲ್ಲ. ಅಂಗಡಿಯವನು "ನಾಳೆ ಬಾ" ಅನ್ನುತ್ತಾನೆ. ಪಕ್ಕದಲ್ಲಿ ನೀವಿದ್ದರೆ ಕೈ ತೊಳೆಸಿ, ಬೇರೆ ಬೆರಳು ಇಡಿಸಿ, ಅದೂ ಆಗದಿದ್ದರೆ ಕಾರ್ಡಿನಲ್ಲಿ ಹೆಸರಿರುವ ಇನ್ನೊಬ್ಬರನ್ನು ಕರೆಸಿ. ನಿಮ್ಮ ಮುಂದೆ "ನಾಳೆ ಬಾ" ಅನ್ನುವುದು ಅವನಿಗೂ ಸ್ವಲ್ಪ ಕಷ್ಟ.

ಲೇಬರ್ ಕಾರ್ಡ್ ಇನ್ನೊಂದು ದೊಡ್ಡ ಕೆಲಸ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಲು 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಮೇಸ್ತ್ರಿಗಳು ಸಹಿ ಹಾಕಲು ಹಿಂಜರಿಯುತ್ತಾರೆ. ಜಗಳ ಮಾಡಬೇಡಿ. ನೀವು ಸಂಜೆ ಮನೆಗೆ ಹೋಗುತ್ತೀರಿ, ಆ ಕುಟುಂಬ ನಾಳೆ ಅದೇ ಮೇಸ್ತ್ರಿಯ ಹತ್ತಿರ ಕೆಲಸಕ್ಕೆ ಹೋಗಬೇಕು. ಇದನ್ನು ಸಂಸ್ಥೆಯವರಿಗೇ ಬಿಡಿ.

ಶಾಲೆಗೆ ಸೇರಿಸುವಾಗ ಮಾತ್ರ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಒಂದು ಶಾಲೆಯಲ್ಲಿ ಟಿಸಿ ಇಲ್ಲ ಎಂದು ಒಂಬತ್ತು ವರ್ಷದ ಹುಡುಗಿಯನ್ನು ವಾಪಸ್ ಕಳಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಮಗುವನ್ನು ಬೇಡ ಅನ್ನುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಮರುದಿನ ಆ ಪುಟದ ಪ್ರಿಂಟ್ ಹಿಡಿದು ಹೋದೆ. ಕಾಫಿ ಕೊಟ್ಟು ಸೇರಿಸಿಕೊಂಡರು.

ಸಾಮಾನು ಕೊಡಲೇಬೇಕು ಅನ್ನಿಸಿದರೆ ಜೋಳದ ಹಿಟ್ಟು ಕೊಡಿ. ಗೋಧಿ ಹಿಟ್ಟು ಕೊಟ್ಟಾಗ ಯಾರೂ ಬೇಡ ಅನ್ನಲಿಲ್ಲ, ಆದರೆ ಜೋಳ ಬಂದ ದಿನ ರೊಟ್ಟಿ ಬಡಿಯುವ ಸದ್ದು ಸಾಲಿನ ಕೊನೆಯವರೆಗೂ ಕೇಳಿಸಿತು. ಟಾರ್ಪಾಲ್, ಸೊಳ್ಳೆ ಪರದೆ, ಕೆಲಸಕ್ಕೆ ಮೇಲೆ ಹಾಕಿಕೊಳ್ಳಲು ಗಂಡಸರ ತುಂಬುತೋಳಿನ ಕಾಟನ್ ಅಂಗಿ, ಇವೂ ಆಗುತ್ತವೆ. ಹೆಂಗಸರು ಸೀರೆ ಮೇಲೆ ಆ ಅಂಗಿಯನ್ನೇ ಹಾಕಿಕೊಳ್ಳುವುದು. ಮಕ್ಕಳ ಫೋಟೋ ತೆಗೆಯಬೇಡಿ. ನಮ್ಮ ಮೊಮ್ಮಕ್ಕಳ ಫೋಟೋ ಯಾರೋ ತೆಗೆದು ಗ್ರೂಪಿಗೆ ಹಾಕಿದರೆ ಸುಮ್ನೆ ಇರ್ತೀವಾ?

ಮುಂಗಾರು ಹತ್ತಿರವಾದಾಗ ಬಹಳ ಜನ ಬಿತ್ತನೆಗೆ ಊರಿಗೆ ಹೊರಡುತ್ತಾರೆ. ಇನ್ನು ಕೆಲವರನ್ನು ಮೇಸ್ತ್ರಿ ರಾತ್ರೋರಾತ್ರಿ ಬೇರೆ ಸೈಟಿಗೆ ಕರೆದೊಯ್ಯುತ್ತಾನೆ. ನೀವು ಓಡಾಡಿ ಮಾಡಿಸಿದ ಕಾಗದವೆಲ್ಲ ಅವರ ಜೊತೆ ಹೋಗಬೇಕು. ಶೆಡ್ಡಿನಲ್ಲಿ ಇಲಿ ಇರುತ್ತದೆ, ಮಳೆ ಬಂದರೆ ಸೋರುತ್ತದೆ. ಅದಕ್ಕೆ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಫೈಲ್ ಒಂದು ಡಜನ್ ಕೊಂಡು ಚೀಲದಲ್ಲಿಟ್ಟಿರುತ್ತೇನೆ. ಒಳಗೆ ಆಧಾರ್, ತಾಯಿ ಕಾರ್ಡ್, ಲೇಬರ್ ಕಾರ್ಡ್, ಶಾಲೆಯ ಚೀಟಿ. ಮೇಲೆ ದಪ್ಪ ಅಕ್ಷರದಲ್ಲಿ ಸಂಸ್ಥೆಯ ಫೋನ್ ನಂಬರ್. ಹೋದ ವರ್ಷ ಹೊಸಕೋಟೆ ಕಡೆಯ ಸೈಟಿನಿಂದ ಒಂದು ಫೋನ್ ಬಂತು. "ಯಕ್ಕಾ, ಇಲ್ಲಿ ಸಾಲಿ ಎಲ್ಲಿ ಐತ್ರಿ?"