ಡೆತ್ ವ್ಯಾಲಿಯಲ್ಲಿ ಚಳಿಗಾಲದ ಚಾರಣ: ಗೋಲ್ಡನ್ ಕ್ಯಾನ್ಯನ್ ಹತ್ತಿ, ಗೋವರ್ ಗಲ್ಚ್ ಇಳಿದದ್ದು

ಡಿಸೆಂಬರ್ ಮೂರನೇ ವಾರ, ಐದು ಜನ, ಒಂದೇ ಕಾರು. ಜಾಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್. ದಾರಿ ಗೋಲ್ಡನ್ ಕ್ಯಾನ್ಯನ್ ಎಂಬ ಕಮರಿ ಮತ್ತು ಗೋವರ್ ಗಲ್ಚ್ ಎಂಬ ಒಣಹಳ್ಳ ಸೇರಿದ 4.3 ಮೈಲಿಯ ಸುತ್ತು, ಅಂದರೆ ಸುಮಾರು 7 ಕಿ.ಮೀ. ನಡುವೆ ರೆಡ್ ಕೆಥೀಡ್ರಲ್ ಎಂಬ ಕೆಂಪು ಬಂಡೆಗೋಡೆಗೂ ಹೋಗಿಬಂದರೆ ಇನ್ನೊಂದು ಮೈಲಿ ಹೆಚ್ಚು. ಹೊರಡುವ ಜಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅಲ್ಲಿಂದ ಹತ್ತುವುದು ಎಂಟುನೂರು ಅಡಿಯ ಆಸುಪಾಸು, ಅಷ್ಟೇ. ಕುಮಾರಪರ್ವತ ಹತ್ತಿದವರಿಗೆ ಇದು ಲೆಕ್ಕಕ್ಕೇ ಬರದ ಏರು. ಈ ಜಾಗದಲ್ಲಿ ಏರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ನೀರು ಮತ್ತು ಗಡಿಯಾರದ ಬಗ್ಗೆ.

1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಕಣಿವೆ ಇದು. ಡಿಸೆಂಬರ್‌ನಲ್ಲಿ ಮಾತ್ರ ಹಗಲು ಸುಮಾರು 18 ಡಿಗ್ರಿ, ಬೆಳಗಿನ ಜಾವ 4 ಡಿಗ್ರಿ. ಮೋಸ ಹೋಗುವುದು ಇಲ್ಲೇ. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ, ಬಂದಹಾಗೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗಿಲ್ಲ, ಬಾಯಾರಿಕೆಯೂ ಇಲ್ಲ ಎಂದುಕೊಂಡು ನೀರು ಮುಟ್ಟದೆ ಎರಡು ಗಂಟೆ ನಡೆದರೆ ತಲೆನೋವು ಶುರುವಾಗುತ್ತದೆ. ನಾವು ಒಬ್ಬೊಬ್ಬರು 3 ಲೀಟರ್ ಹೊತ್ತೆವು, ಕಾರಿನಲ್ಲಿ ಬೇರೆ 10 ಲೀಟರ್ ಇತ್ತು. ಇಪ್ಪತ್ತು ನಿಮಿಷಕ್ಕೊಮ್ಮೆ ಫೋನಿನಲ್ಲಿ ಅಲಾರಂ ಇಟ್ಟು, ಬೇಕಿರಲಿ ಬೇಡವಾಗಿರಲಿ ಮೂರು ನಾಲ್ಕು ಗುಟುಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದರ್ಥ. ಬರೀ ನೀರೇ ಕುಡಿಯುತ್ತಾ ಹೋದರೂ ಸರಿಯಲ್ಲ, ಬೆವರಿನಲ್ಲಿ ಹೋದ ಉಪ್ಪು ವಾಪಸು ಬರಬೇಕು. ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ರುಚಿಗೆ ನಿಂಬೆ. ಒಬ್ಬರಿಗೆ ಇಂಥದ್ದು ಒಂದು ಬಾಟಲಿ.

ಊಟಕ್ಕೆ ಪುಳಿಯೋಗರೆ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿ, ಕಡಲೆಕಾಯಿ ಚಿಕ್ಕಿ, ಖರ್ಜೂರ. ಚಿತ್ರಾನ್ನ ಬೇಡ. ಆ ಒಣಗಾಳಿಗೆ ಮಧ್ಯಾಹ್ನದ ಹೊತ್ತಿಗೆ ಅಗುಳು ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಪುಳಿಯೋಗರೆ ಎಣ್ಣೆಯ ಜಿಡ್ಡಿಗೆ ಮೆತ್ತಗೇ ಉಳಿಯುತ್ತದೆ.

ಬಟ್ಟೆ ಮೂರು ಪದರ: ಒಳಗೆ ಪಾಲಿಯೆಸ್ಟರ್ ಟೀಶರ್ಟ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಬಿಸಿಲಿಗೆ ಬಂದರೆ ಎರಡು ಪದರ ಕಳಚಬೇಕಾಗುತ್ತದೆ, ಕಮರಿಯ ನೆರಳಿಗೆ ಹೊಕ್ಕರೆ ಮತ್ತೆ ಹಾಕಬೇಕಾಗುತ್ತದೆ. ಆದ್ದರಿಂದ ಬ್ಯಾಗಿನಲ್ಲಿ ಇವಕ್ಕೆ ಮೇಲುಗಡೆಯೇ ಜಾಗ. ಎತ್ತರದ ಬೂಟಿನ ಅಗತ್ಯವಿಲ್ಲ. ನೆಲವೆಲ್ಲ ಸಡಿಲ ಜಲ್ಲಿ. ಶೂ ಒಳಗೆ ಕಲ್ಲು ಸೇರಿ ಗುಳ್ಳೆ ಏಳುವುದೇ ಇಲ್ಲಿನ ಸಾಮಾನ್ಯ ತೊಂದರೆ, ಅದಕ್ಕೆ ಗೈಟರ್ (ಶೂ ಬಾಯಿ ಮುಚ್ಚುವ ಬಟ್ಟೆಯ ಕವಚ) ಹಾಕಿಕೊಳ್ಳಿ, ಒಂದು ಜೊತೆ ಕಾಲುಚೀಲ ಹೆಚ್ಚಿಗೆ ಇಟ್ಟುಕೊಳ್ಳಿ.

ಬೇ ಏರಿಯಾದಿಂದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನಿಂದ) ಬರುವವರಿಗೆ ಇಡೀ ದಿನದ ಡ್ರೈವ್. ಚಳಿಗಾಲದಲ್ಲಿ ಬೆಟ್ಟಸಾಲು ದಾಟಿಸುವ ಟಯೋಗಾ ಪಾಸ್ ರಸ್ತೆ ಹಿಮಕ್ಕೆ ಮುಚ್ಚಿರುತ್ತದೆ, ಬೇಕರ್ಸ್‌ಫೀಲ್ಡ್, ಟೆಹಾಚಪಿ ಮೇಲೆ ಬಳಸಿಕೊಂಡು ಬರಬೇಕು. ರಿಡ್ಜ್‌ಕ್ರೆಸ್ಟ್‌ನಲ್ಲಿ ಟ್ಯಾಂಕ್ ತುಂಬಿಸಿ. ಪಾರ್ಕ್ ಒಳಗೂ ಪೆಟ್ರೋಲ್ ಸಿಗುತ್ತದೆ, ಬೆಲೆ ಬಹಳ. ಕಮರಿಗಳಲ್ಲಿ ಫೋನ್ ಸಿಗ್ನಲ್ ನೆಚ್ಚಬೇಡಿ, ಮ್ಯಾಪನ್ನು ಹೋಟೆಲಿನ ವೈಫೈಯಲ್ಲೇ ಎಲ್ಲರ ಫೋನಿಗೂ ಇಳಿಸಿಕೊಳ್ಳಿ.

ಬ್ಯಾಡ್‌ವಾಟರ್ ರಸ್ತೆಯ ಪಾರ್ಕಿಂಗ್‌ನಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಗೋಲ್ಡನ್ ಕ್ಯಾನ್ಯನ್‌ನ ಮೊದಲ ಮೈಲಿ ಸಲೀಸು. ಹಿಂದೆ ಇಲ್ಲಿ ಡಾಂಬರು ರಸ್ತೆಯೇ ಇತ್ತು, 1976ರ ಪ್ರವಾಹ ಅದನ್ನು ಕಿತ್ತೊಯ್ದಿತು; ಡಾಂಬರಿನ ಚೂರುಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ. ಮೈಲಿಯ ಕೊನೆಗೆ ಕವಲು. ನೇರ ಹೋದರೆ ರೆಡ್ ಕೆಥೀಡ್ರಲ್, ಅರ್ಧ ಮೈಲಿ. ಕೊನೆಯಲ್ಲಿ ಬಂಡೆಗಳ ಸಂದಿಯಲ್ಲಿ ಬಗ್ಗಿ ನುಸುಳಬೇಕು. ಬಲಕ್ಕೆ ಏರಿದರೆ ಮ್ಯಾನ್ಲಿ ಬೀಕನ್ ಶಿಖರದ ಬುಡ.

ದಾರಿ ತಪ್ಪುವುದು ಈ ಬಲಗಡೆಯ ಏರಿನ ನಂತರ. ಹಳದಿ ಮಣ್ಣಿನ ದಿಬ್ಬಗಳು ಒಂದರ ಪಡಿಯಚ್ಚು ಇನ್ನೊಂದು, ನಡುವಿನ ಕೊರಕಲುಗಳೂ ಹಾಗೇ. ಫೋಟೋಗಾಗಿ ಹತ್ತಿದವರ ಹೆಜ್ಜೆಗುರುತು ಎಲ್ಲ ಕಡೆಗೂ ಹೋಗಿರುತ್ತವೆ, ಆದ್ದರಿಂದ ಹೆಜ್ಜೆ ನೋಡಿ ನಡೆಯಬಾರದು, ಕವಲಿನ ಸೂಚನಾ ಕಂಬ ನೋಡಿ ನಡೆಯಬೇಕು. ಗುಂಪಿನಲ್ಲಿ ಹೋಗುವಾಗ ನಮ್ಮದು ಒಂದೇ ಕಟ್ಟುನಿಟ್ಟು: ಪ್ರತಿ ಕವಲಿನಲ್ಲೂ ಕೊನೆಯವರು ಬಂದು ತಲುಪುವ ತನಕ ಮುಂದಿನವರು ಹೆಜ್ಜೆ ಎತ್ತುವಂತಿಲ್ಲ. ದಾರಿ ಬಲ್ಲ ಒಬ್ಬರು ಯಾವಾಗಲೂ ಕೊನೆಯಲ್ಲಿ.

ಝಬ್ರಿಸ್ಕಿ ಪಾಯಿಂಟ್ ಎಂಬ ವೀಕ್ಷಣಾ ಜಾಗದ ಕಡೆಗಿನ ಕವಲಿಗೆ ಮಧ್ಯಾಹ್ನ ಒಂದರೊಳಗೆ ಮುಟ್ಟದಿದ್ದರೆ ಅಲ್ಲಿಗೆ ಹತ್ತುವ ಆಸೆ ಬಿಡುವುದೆಂದು ಮೊದಲೇ ತೀರ್ಮಾನಿಸಿದ್ದೆವು. ಡಿಸೆಂಬರ್ ನಡುವೆ ಸೂರ್ಯಾಸ್ತ ನಾಲ್ಕೂವರೆಯ ಸುಮಾರಿಗೆ. ಪಶ್ಚಿಮಕ್ಕೆ 11,049 ಅಡಿಯ ಟೆಲಿಸ್ಕೋಪ್ ಶಿಖರವಿರುವ ಪ್ಯಾನಮಿಂಟ್ ಸಾಲು ನಿಂತಿರುವುದರಿಂದ ಬಿಸಿಲು ಅದಕ್ಕೂ ಮೊದಲೇ ಹೋಗುತ್ತದೆ, ಹಿಂದೆಯೇ ಚಳಿ. ಫೋಟೋ ತೆಗೆಯುವವರಿಗೆ ಇದು ಕಷ್ಟದ ಮಾತು, ಏಕೆಂದರೆ ಪಶ್ಚಿಮಕ್ಕೆ ಬಾಯಿ ತೆರೆದ ಗೋಲ್ಡನ್ ಕ್ಯಾನ್ಯನ್ ನಿಜಕ್ಕೂ ಹೊನ್ನಿನ ಬಣ್ಣಕ್ಕೆ ತಿರುಗುವುದು ಇಳಿಹೊತ್ತಿನಲ್ಲೇ. ಅದು ಬೇಕೇ ಬೇಕೆಂದರೆ ಸುತ್ತು ಬಿಟ್ಟು, ರೆಡ್ ಕೆಥೀಡ್ರಲ್ ತನಕ ಹೋಗಿ ಬಂದ ದಾರಿಯಲ್ಲೇ ಮರಳಿ. ಗೊತ್ತಿಲ್ಲದ ಹಳ್ಳದಲ್ಲಿ ಕತ್ತಲೆಗೆ ಸಿಕ್ಕಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ಹೆಡ್‌ಲ್ಯಾಂಪ್ ಮಾತ್ರ ಎರಡಕ್ಕೂ ತಲೆಗೊಂದರಂತೆ ಬೇಕು.

ಇಳಿಯುವುದು ಗೋವರ್ ಗಲ್ಚ್‌ನಲ್ಲಿ. ಅಗಲವಾದ ಒಣಹಳ್ಳ, ಬದಿಗಳಲ್ಲಿ ಹಳೆಯ ಬೋರಾಕ್ಸ್ ಗಣಿಯ ಬಿಲಗಳು. ಒಳಗೆ ತಲೆ ಹಾಕಲೇಬೇಡಿ, ಚಾವಣಿ ಕುಸಿಯುತ್ತದೆ. ಮಳೆಯ ಮುನ್ಸೂಚನೆ ಇದ್ದ ದಿನ ನಾನಂತೂ ಈ ಹಳ್ಳಕ್ಕೆ ಇಳಿಯುವುದಿಲ್ಲ. 1941ರಲ್ಲಿ ಫರ್ನೇಸ್ ಕ್ರೀಕ್ ಹಳ್ಳವನ್ನು ಇತ್ತ ತಿರುಗಿಸಿದರು. ಹಾಗಾಗಿ ಇಲ್ಲಿ ಹರಿಯುವುದು ಈ ದಿಬ್ಬಗಳ ಮೇಲೆ ಬಿದ್ದ ನೀರಷ್ಟೇ ಅಲ್ಲ, ಎಲ್ಲೋ ದೂರದ ಬೆಟ್ಟದ ಮಳೆಯೂ ಇಲ್ಲಿಗೇ ನುಗ್ಗುತ್ತದೆ. ತಲೆಯ ಮೇಲೆ ನೀಲಿ ಆಕಾಶವಿದೆ ಎಂಬುದು ಧೈರ್ಯಕ್ಕೆ ಸಾಲದು. ಮಳೆ ನಿಂತ ಮೇಲೂ ಎಡವಟ್ಟೇ: ಜೇಡಿ ನೆನೆದು ಏರುದಾರಿ ಸೋಪಿನಂತೆ ಜಾರುತ್ತದೆ.

ಕೆಳಗೆ ಹೋಗುತ್ತಾ ಹಳ್ಳ ಕಿರಿದಾಗಿ, ಕಣಿವೆಯ ಬಾಯಲ್ಲಿ ಥಟ್ಟನೆ ಕಡಿದುಬೀಳುತ್ತದೆ. ಅದು ಒಣ ಜಲಪಾತ, ನೇರ ಇಳಿಯುವ ಜಾಗವಲ್ಲ. ಅಂಚಿಗೆ ಮೊದಲೇ ಬಲಬದಿಯಲ್ಲಿ ಸಣ್ಣ ಕಾಲುದಾರಿ ಬಂಡೆಗೆ ಅಂಟಿಕೊಂಡು ಹೊರಡುತ್ತದೆ, ಅದನ್ನೇ ಹಿಡಿಯಿರಿ. ಇಲ್ಲಿಗೇ ಮುಗಿಯಿತೆಂದು ಬಾಟಲಿ ಖಾಲಿ ಮಾಡಬೇಡಿ. ಪಾರ್ಕಿಂಗ್‌ಗೆ ಇನ್ನೂ ಮೈಲಿಯಷ್ಟು ದೂರವಿದೆ, ಬೆಟ್ಟದ ಬುಡದಲ್ಲಿ ಏರಿಳಿಯುವ ಜಲ್ಲಿದಾರಿ, ಮೇಲೆ ಬಿಸಿಲು. ಅದಕ್ಕೆಂದೇ ನಾವು ತಲೆಗೆ ಅರ್ಧ ಲೀಟರ್ ಉಳಿಸಿಕೊಂಡಿದ್ದೆವು. ಕಾರು ಮುಟ್ಟಿದಾಗ ಎರಡೂವರೆ ಗಂಟೆ, ಬಾಟಲಿಗಳಲ್ಲಿ ಹನಿ ನೀರಿರಲಿಲ್ಲ.