2147483647ನ್ನು ಕೈಯಾರೆ ಭಾಗಿಸಿ ನೋಡಿದ್ದು

ಸಿ ಭಾಷೆಯಲ್ಲಿ ಕೋಡ್ ಬರೆಯುವವರಿಗೆಲ್ಲ 2147483647 ಹಳೇ ಪರಿಚಯ. ಇಂಟ್‌ನಲ್ಲಿ (ಪೂರ್ಣಾಂಕ ಇಡುವ, ಸಾಮಾನ್ಯವಾಗಿ 32 ಬಿಟ್‌ನ ಜಾಗ) ಹಿಡಿಸುವ ಅತಿ ದೊಡ್ಡ ಸಂಖ್ಯೆ, 2³¹ − 1. ಇದು ಅವಿಭಾಜ್ಯ ಅಂತಲೂ ಓದಿದ್ದೆ, ಸುಮ್ನೆ ನಂಬಿದ್ದೆ. 1772ರಲ್ಲಿ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿದ್ದ ಕಾಲದಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಹೇಗೆ ಸಾಧಿಸಿದ ಅಂತ ನೋಡೋಣ ಎಂದು ಒಂದು ದಿನ ನೋಟ್‌ಬುಕ್ಕು, ಕ್ಯಾಲ್ಕುಲೇಟರ್ ಹಿಡಿದು ಕೂತೆ.

ಮೊದಲು ದಡ್ಡ ದಾರಿ. ವರ್ಗಮೂಲ 46340 ಚಿಲ್ಲರೆ. ಅಷ್ಟರೊಳಗಿನ ಅವಿಭಾಜ್ಯಗಳೇ 4700ಕ್ಕಿಂತ ಜಾಸ್ತಿ. ದಿನಕ್ಕೆ ಐವತ್ತು ಮಾಡಿದರೂ ಮೂರು ತಿಂಗಳು. ನನ್ನ ಕೈಲಾಗದು.

ಆದರೆ ಸಂಖ್ಯೆಯ ರೂಪವೇ ಕೈ ಹಿಡಿಯುತ್ತದೆ. ಯಾವುದೋ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2³¹ನ್ನು ಅದರಿಂದ ಭಾಗಿಸಿದರೆ ಶೇಷ 1. 31 ತಾನೇ ಅವಿಭಾಜ್ಯವಾದ್ದರಿಂದ ಅದಕ್ಕೂ ಮೊದಲೇ 1 ಬರುವ ಹಾಗಿಲ್ಲ. ಇದಕ್ಕೆ ಫರ್ಮಾನ ಕಿರು ಪ್ರಮೇಯ (ಬೆಸ ಅವಿಭಾಜ್ಯದಲ್ಲಿ 1 ಕಳೆದು, 2ನ್ನು ಅಷ್ಟು ಘಾತಕ್ಕೇರಿಸಿ ಆ ಅವಿಭಾಜ್ಯದಿಂದಲೇ ಭಾಗಿಸಿದರೆ ಶೇಷ 1) ಸೇರಿಸಿದರೆ, ಆ ಭಾಜಕದಲ್ಲಿ 1 ಕಳೆದಾಗ ಉಳಿಯುವುದು 31ರ ಮಗ್ಗಿಯಲ್ಲಿ, ಭಾಜಕ ಬೆಸ ಆದ್ದರಿಂದ 62ರ ಮಗ್ಗಿಯಲ್ಲೇ ಬರಬೇಕು. ಈಗ ಇನ್ನೊಂದು ಸಲ 2ರಿಂದ ಗುಣಿಸಿ. 2³²ರ ಶೇಷ 2. ಆದರೆ 2³² ಅಂದರೆ 2¹⁶ರ ವರ್ಗ ಅಲ್ವಾ? ಅಂದರೆ ಒಂದು ವರ್ಗಸಂಖ್ಯೆಯನ್ನು ಭಾಗಿಸಿ ಶೇಷ 2 ಬಂತು. ಹಾಗಾಗುವುದು ಭಾಜಕವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿದರೆ ಮಾತ್ರ. ಈ ಒಂದು ಸಾಲು ತಲೆಗೆ ಹೋಗಲು ನನಗೆ ಎರಡು ಸಂಜೆ ಹಿಡಿಯಿತು.

ಎರಡನ್ನೂ ಸೇರಿಸಿದರೆ ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಬೇಕು. 46340ರೊಳಗೆ ಇಂಥವು, 1 ಮತ್ತು 63ನ್ನು ಬಿಟ್ಟು, 372. ಅದರಲ್ಲೂ 249 ಅಂದರೆ 3 × 83, ಹೊಡೆದುಹಾಕು. 497 ಅಂದರೆ 7 × 71, ಅದೂ ಹೋಯಿತು. ನಾನು ಮೊದಲು ಭಾಗಿಸಿದ್ದು 311ರಿಂದ: ಭಾಗಲಬ್ಧ 6905092, ಶೇಷ 35. ಹೀಗೆ ಸೋಸುತ್ತಾ ಹೋದರೆ ನಿಜವಾಗಿ ಮಾಡಬೇಕಾದ ಭಾಗಾಕಾರ 80ರ ಆಸುಪಾಸು ಅಷ್ಟೇ. ಒಂದು ವಾರದ ರಾತ್ರಿ ಕೆಲಸ. ಒಂದರಲ್ಲೂ ಶೇಷ ಸೊನ್ನೆ ಬರಲಿಲ್ಲ.

ಆಮೇಲೆ ತಾಳೆ ನೋಡಲು ಲೂಕಾಸ್-ಲೆಹ್ಮರ್ ಪರೀಕ್ಷೆ, 2ರ ಘಾತದಲ್ಲಿ 1 ಕಳೆದ ಇಂಥ ಸಂಖ್ಯೆಗಳಿಗೆಂದೇ ಇರುವುದು. 4ರಿಂದ ಶುರು, ವರ್ಗ ಮಾಡಿ 2 ಕಳೆ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೋ, 29 ಸಲ (31ರಲ್ಲಿ 2 ಕಳೆದಷ್ಟು). ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. 127 ಅಂದರೆ 2⁷ − 1, ಅದಕ್ಕೆ ಐದೇ ಸಲ ಸಾಕು, ಕೈಯಲ್ಲೇ ಮಾಡಿದೆ: 4, 14, 67, 42, 111, 0. ಚೆಂದ ಇದೆ. ದೊಡ್ಡದಕ್ಕೆ ಸಿಯಲ್ಲಿ ನಾಲ್ಕು ಸಾಲು ಬರೆದು ಓಡಿಸಿದರೆ ಸೊನ್ನೆಯೇ ಇಲ್ಲ! ವಾರವಿಡೀ ಮಾಡಿದ್ದು ತಪ್ಪಾ ಅಂತ ಗಾಬರಿಯಾಯಿತು. ಸುತ್ತು ಸುತ್ತಾಗಿ ಪ್ರಿಂಟ್ ಮಾಡಿ ನೋಡಿದೆ. 14, 194, 37634, 1416317954, ಅಲ್ಲಿವರೆಗೂ ಸರಿ. ಐದನೆಯದು ಮೈನಸ್. ಇಂಟ್‌ನ ಗರಿಷ್ಠ ಸಂಖ್ಯೆಯನ್ನೇ ಪರೀಕ್ಷೆ ಮಾಡಲು ಹೊರಟು, ವರ್ಗವನ್ನು ಇಂಟ್‌ನಲ್ಲೇ ತುರುಕಿದ್ದೆ. ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಲಾಂಗ್ ಅಂತ ತಿದ್ದಿ ಮತ್ತೆ ಓಡಿಸಿದೆ, 29ನೇ ಸುತ್ತಿಗೆ 0.